ಬೇಳೆ ಬೇಯುವ ನೀರು, ಕುಡಿಯಲು ತಕ್ಕ ನೀರು: ಗದಗ, ಧಾರವಾಡ, ಹಾವೇರಿ ಮನೆಗಳಿಗೊಂದು ಹೋಲಿಕೆ

ಬಿಸಿಲು ಏರುತ್ತಿದ್ದಂತೆ ಗದಗ, ಹುಬ್ಬಳ್ಳಿ, ರಾಣೆಬೆನ್ನೂರಿನ ಅಂಗಡಿಗಳಲ್ಲಿ ನೀರಿನ ಯಂತ್ರಗಳ ವ್ಯಾಪಾರ ಜೋರಾಗುತ್ತದೆ. ಕೊಳ್ಳಲು ಬಂದವರು ಕೇಳುವ ಮೊದಲ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು? ಆ ಪ್ರಶ್ನೆ ಎರಡನೆಯದಾಗಬೇಕು. ನಮ್ಮ ನೀರಿನಲ್ಲಿ ಇರುವ ದೋಷ ಯಾವುದು ಎಂಬುದು ಗೊತ್ತಾಗದೆ ಯಂತ್ರ ಆರಿಸಿದರೆ, ಸಾವಿರಾರು ರೂಪಾಯಿ ಕೊಟ್ಟು ಬೇಡದ ಕೆಲಸ ಮಾಡಿಸಿಕೊಂಡು ಬೇಕಾದದ್ದನ್ನು ಹಾಗೆಯೇ ಬಿಟ್ಟಂತಾಗುತ್ತದೆ. ಮಲಪ್ರಭೆಯ ನಳದ ನೀರು ಬರುವ ಧಾರವಾಡದ ಮನೆಗೆ ಒಗ್ಗುವ ಉಪಾಯ ಮುಂಡರಗಿ ತಾಲ್ಲೂಕಿನ ಕೊಳವೆಬಾವಿಗೆ ಒಗ್ಗುವುದಿಲ್ಲ. ನವಲಗುಂದದ ಕೆರೆ ನೀರಿಗೆ ಬೇಕಾದದ್ದೇ ಬೇರೆ.

ಎಷ್ಟು ನೀರನ್ನು ಶುದ್ಧ ಮಾಡಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸ್ನಾನ, ಬಟ್ಟೆ, ಪಾತ್ರೆ, ಶೌಚಕ್ಕೆ ಈ ಚಿಂತೆ ಬೇಡ. ಕುಡಿಯುವುದಕ್ಕೂ ಅಡುಗೆಗೂ ಸೇರಿ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಹಿಡಿಯಿರಿ. ಐದು ಜನರ ಮನೆಗೆ 25 ಲೀಟರ್, ಹೆಚ್ಚು ಕಡಿಮೆ ಎರಡು ಕೊಡ. ಮುಂದೆ ಬರುವ ಲೆಕ್ಕವೆಲ್ಲ ಈ ಎರಡು ಕೊಡಗಳದ್ದು. ಅಡುಗೆಯ ನೀರನ್ನು ಇದರಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ: ಕುಡಿಯಲು ಮಾತ್ರ ಶುದ್ಧ ನೀರು ಬಳಸಿ, ಅನ್ನ, ಸಾರು, ಚಹಾಕ್ಕೆ ಬೋರಿನ ನೀರನ್ನೇ ಹಾಕುವ ಮನೆಗಳು ಬಹಳ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೀರಿನಲ್ಲಿ ಹೆಚ್ಚಿರುವ ಊರಿನಲ್ಲಿ ಹೀಗೆ ಮಾಡಿದರೆ ಅದು ಅನ್ನದ ತಟ್ಟೆಯ ಮೂಲಕ ಒಳಗೆ ಹೋಗುತ್ತದೆ.

ದೋಷಗಳನ್ನು ಬೇರೆ ಬೇರೆಯಾಗಿ ನೋಡಬೇಕು

ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ನೀರಿನ ದೋಷಗಳು ನಾಲ್ಕು. ರೋಗಾಣು ಮತ್ತು ಕದಡು, ಲವಣ ಮತ್ತು ಗಡಸುತನ, ನೈಟ್ರೇಟ್, ಫ್ಲೋರೈಡ್. ಒಂದನ್ನು ತೆಗೆಯುವ ವಿಧಾನ ಇನ್ನೊಂದನ್ನು ಮುಟ್ಟದೇ ಇರಬಹುದು. ಕೆಲವೊಮ್ಮೆ ಹೆಚ್ಚಿಸಲೂಬಹುದು.

ರೋಗಾಣು ಕೆರೆ, ನದಿ, ತೆರೆದ ಬಾವಿ, ಒಡೆದ ಪೈಪು ಮತ್ತು ಮನೆಯ ಸಂಪಿನ ತೊಂದರೆ. ಕುದಿಸಿದರೆ ಸಾಯುತ್ತದೆ. ಲವಣ ಹೆಚ್ಚಾದರೆ ಬಾಯಿಗೆ ಸವುಳು ಗೊತ್ತಾಗುತ್ತದೆ, ಗಡಸು ಹೆಚ್ಚಾದರೆ ಸೋಪಿನ ನೊರೆ ಬರುವುದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಇವೆರಡೂ ಬಾಯಿಗೆ, ಕಣ್ಣಿಗೆ ತಿಳಿಯುವ ದೋಷಗಳು, ಆದ್ದರಿಂದ ಜನ ಇವುಗಳ ಬಗ್ಗೆಯೇ ಹೆಚ್ಚು ದೂರುತ್ತಾರೆ. ನೈಟ್ರೇಟ್ ತಿಪ್ಪೆ, ಶೌಚಾಲಯದ ಗುಂಡಿ, ಹೊಲಕ್ಕೆ ಹಾಕಿದ ಯೂರಿಯಾದಿಂದ ಇಳಿದು ಬರುತ್ತದೆ. ಎಳೆಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಬೋರ್ ತಿಪ್ಪೆಯ ಪಕ್ಕದಲ್ಲಿದ್ದರೆ ಈ ಪರೀಕ್ಷೆ ಬಿಡಬೇಡಿ.

ಇನ್ನು ಫ್ಲೋರೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗ್ರಾನೈಟ್, ನೈಸ್‌ನಂಥ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಎಂಬ ಖನಿಜಗಳಿವೆ. ಕಲ್ಲಿನ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅವುಗಳನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಕಪ್ಪತಗುಡ್ಡದ ಸಾಲು ಬೇರೆ ಜಾತಿಯ ಕಲ್ಲಿನದಾದರೂ ಅದರ ಆಚೀಚೆ ಹರಡಿರುವುದು ಬಹುಪಾಲು ಇಂಥ ಗ್ರಾನೈಟ್ ಮತ್ತು ನೈಸ್. ಮುಂಡರಗಿ ಸೀಮೆಯ ಬೋರುಗಳು ಫ್ಲೋರೈಡಿಗೆ ಹೆಸರಾದದ್ದು ಈ ಕಾರಣಕ್ಕೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇಲ್ಲಿದೆ. ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಕೂಡಿದ ಖನಿಜ. ನೀರಿನಲ್ಲಿ ಕ್ಯಾಲ್ಸಿಯಂ ಈಗಾಗಲೇ ಹೆಚ್ಚಿದ್ದರೆ ಅದು ಬಹಳ ಕರಗುವುದಿಲ್ಲ. ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿ, ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲೇ ಕುಳಿತುಬಿಟ್ಟರೆ, ಫ್ಲೋರೈಡ್ ಕರಗಲು ದಾರಿ ತೆರೆದಂತೆ. ಅಂದರೆ ಗಡಸು ಕಡಿಮೆ ಇರುವ, ನೊರೆ ಚೆನ್ನಾಗಿ ಬರುವ, ಕುಡಿದರೆ ಸಿಹಿ ಎನಿಸುವ ಬೋರಿನ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಜಾಸ್ತಿ.

ನಮ್ಮ ಕಡೆ ನೀರನ್ನು ಅಳೆಯುವುದು ತೊಗರಿ ಬೇಳೆಯಿಂದ. ಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಕೆಟ್ಟ ನೀರು. ಗಡಸುತನದ ಮಟ್ಟಿಗೆ ಈ ಪರೀಕ್ಷೆ ಸರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯಲ್ಲಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಬಿಗಿಮಾಡುತ್ತವೆ, ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಆದರೆ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದಂತೆ, ಬೇಳೆ ಬೆಣ್ಣೆಯಾಗಿ ಬೇಯುತ್ತದೆ. ಫ್ಲೋರೈಡಿಗೂ ಅದೇ ನೀರು ಇಷ್ಟ. ಎರಡು ಬೋರುಗಳಿರುವ ಊರಿನಲ್ಲಿ ಬೇಳೆ ಬೇಯುವ ಬೋರನ್ನು ಕುಡಿಯಲು ಇಟ್ಟುಕೊಂಡು, ಗಡಸು ಬೋರನ್ನು ದನಗಳಿಗೆ ಬಿಡುವುದು ವಾಡಿಕೆ. ಪರೀಕ್ಷೆ ಮಾಡಿಸಿದರೆ ಆಯ್ಕೆ ತಿರುವುಮುರುವಾಗಬಹುದು. ತಲೆಮಾರುಗಳಿಂದ ಬಂದ ಅಡುಗೆಮನೆಯ ತಿಳಿವಳಿಕೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಅದು ಹುಟ್ಟಿದ್ದು ಸೇದುವ ಬಾವಿಗಳ ಕಾಲದಲ್ಲಿ. ಲಕ್ಕುಂಡಿಯಲ್ಲಿ ಇಂದಿಗೂ ಕಾಣುವಂಥ ಮೆಟ್ಟಿಲು ಬಾವಿಗಳ ನೀರು ಮೇಲ್ಪದರದ್ದು, ವರ್ಷವರ್ಷವೂ ಮಳೆಯಿಂದ ಹೊಸದಾಗುತ್ತಿತ್ತು. ನೂರಾರು ಅಡಿ ಆಳದ ಬೋರಿನ ನೀರಿಗೆ ಆ ಅಳತೆ ಸಾಲದು.

ಪರೀಕ್ಷೆ: ಯಾವ ಅಂಕಿ ನೋಡಬೇಕು

ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟಿದ್ದಾರೆ, ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ. ಸ್ವಚ್ಛವಾದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಬೋರನ್ನು ಐದು ಹತ್ತು ನಿಮಿಷ ಹರಿಯಬಿಟ್ಟು ತುಂಬಿಸಿ. ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ. ರೋಗಾಣು ಪರೀಕ್ಷೆಗೆ ಬೇರೆ, ಕಾಯಿಸಿ ಶುದ್ಧಮಾಡಿದ ಬಾಟಲಿ ಬೇಕು, ಅದನ್ನು ಪ್ರಯೋಗಾಲಯದವರಿಂದಲೇ ಪಡೆಯಿರಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ.

ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡ, ಐಎಸ್ 10500, ನಮ್ಮ ಕೈಪಿಡಿ. ಪ್ರತಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕರಗಿದ ಲವಣಗಳ ಮೊತ್ತ, ಅಂದರೆ ಟಿಡಿಎಸ್, 500 ಸರಿ, ಗತಿಯಿಲ್ಲದಿದ್ದರೆ 2000. ಗಡಸುತನ 200 ಮತ್ತು 600. ನೈಟ್ರೇಟ್ 45, ಇದಕ್ಕೆ ರಿಯಾಯಿತಿಯೇ ಇಲ್ಲ. ಗಡಸಿಗೆ ಮೂರು ಪಟ್ಟು ವಿನಾಯಿತಿ ಕೊಟ್ಟವರು ಫ್ಲೋರೈಡಿಗೆ ಅರ್ಧ ಮಿಲಿಗ್ರಾಂ ಮಾತ್ರ ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿ. ಗಡಸು ನೀರು ಕಿರಿಕಿರಿ, ಫ್ಲೋರೈಡ್ ನೀರು ರೋಗ.

ಅಂಗಡಿಯವರ ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. ಫ್ಲೋರೈಡ್ 0.3 ಇದ್ದರೂ 3 ಇದ್ದರೂ ಅದರ ಅಂಕಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ರೋಗಾಣುವಂತೂ ಅದಕ್ಕೆ ಗೊತ್ತೇ ಆಗದು. ಟಿಡಿಎಸ್ 450 ಎಂದು ತೋರಿಸಿ ‘ನಿಮ್ಮ ನೀರು ಚೆನ್ನಾಗಿದೆ’ ಎಂದು ಹೇಳುವುದೂ, 700 ತೋರಿಸಿ ಹೆದರಿಸುವುದೂ ಒಂದೇ ಬಗೆಯ ತಪ್ಪು.

ನದಿಯ ನಳ, ಕೆರೆಯ ನೀರು

ಹುಬ್ಬಳ್ಳಿ-ಧಾರವಾಡಕ್ಕೆ ಬಹುಪಾಲು ನೀರು ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ, ಹುಬ್ಬಳ್ಳಿಯ ಒಂದು ಭಾಗಕ್ಕೆ ಕಲಘಟಗಿ ಕಡೆಯ ನೀರಸಾಗರದಿಂದ ಬರುತ್ತದೆ. ಗದಗ-ಬೆಟಗೇರಿಗೆ ತುಂಗಭದ್ರೆ. ಹಾವೇರಿ ಜಿಲ್ಲೆಯ ಊರುಗಳಿಗೂ ತುಂಗಭದ್ರೆ, ವರದೆಯರು. ಈ ನದಿಗಳ ನೀರಿನಲ್ಲಿ ಲವಣ ಕಡಿಮೆ, ಫ್ಲೋರೈಡಿನ ಭಯ ಇಲ್ಲವೆನ್ನುವಷ್ಟು ಅಲ್ಪ. ನಿಮ್ಮ ಮನೆಗೆ ನದಿಯ ನಳವಿದ್ದರೆ ಕುಡಿಯಲು ಅದೇ ಮೊದಲ ಆಯ್ಕೆ. ಬೋರಿನ ನೀರು ಎಷ್ಟೇ ತಿಳಿಯಾಗಿ ಕಂಡರೂ ಇದಕ್ಕೆ ಸಾಟಿಯಲ್ಲ.

ಇಲ್ಲಿರುವ ದೋಷ ರೋಗಾಣು, ಅದಕ್ಕೆ ಕಾರಣ ನೀರು ಬಿಟ್ಟು ಬಿಟ್ಟು ಬರುವುದು. ಪೈಪಿನಲ್ಲಿ ನೀರಿಲ್ಲದ ದಿನಗಳಲ್ಲಿ ಒತ್ತಡವೂ ಇರುವುದಿಲ್ಲ. ಒಡಕಿದ್ದ ಕಡೆ ಗಟಾರದ ನೀರು ಒಳಗೆ ನುಸುಳುತ್ತದೆ. 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾದಾಗ ಅದರ ದೊಡ್ಡ ಲಾಭ ಇದೇ ಆಗಿತ್ತು: ಪೈಪಿನೊಳಗೆ ಸದಾ ಒತ್ತಡವಿದ್ದರೆ ಹೊಲಸು ಒಳಬರಲು ಜಾಗವಿಲ್ಲ. ಉಳಿದ ಕಡೆ ವಾರಗಟ್ಟಲೆ ನೀರನ್ನು ಸಂಪಿನಲ್ಲಿ, ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ. ಕ್ಲೋರಿನ್ ಒಂದೆರಡು ದಿನಗಳಲ್ಲಿ ಹಾರಿಹೋಗುತ್ತದೆ.

ಇದಕ್ಕೆ ಬೇಕಾದದ್ದು ಸರಳ ಉಪಾಯ. ನೀರು ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ, ಮುಚ್ಚಿಟ್ಟು ಆರಿಸಿ. ಗ್ಯಾಸ್ ಉಳಿಸಬೇಕೆಂದರೆ ಕ್ಯಾಂಡಲ್ ಫಿಲ್ಟರಿನಲ್ಲಿ ಸೋಸಿ ಕ್ಲೋರಿನ್ ಹನಿ ಹಾಕಿ, ಇಲ್ಲವೇ ಅಲ್ಟ್ರಾವಯಲೆಟ್ ದೀಪದ ಯಂತ್ರ ಇಟ್ಟುಕೊಳ್ಳಿ. ಆ ದೀಪ ಕೆಲಸ ಮಾಡುವುದು ತಿಳಿನೀರಿನಲ್ಲಿ ಮಾತ್ರ, ಕದಡಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿದುಕೊಳ್ಳುತ್ತವೆ. ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ರೋಗಾಣು ಕುಗ್ಗುವುದು ನಿಜ, ಹಿರಿಯರ ಆ ಪದ್ಧತಿ ಉಳಿಯಲಿ. ಫ್ಲೋರೈಡಿಗೆ ಮಾತ್ರ ಅದು ಔಷಧಿಯಲ್ಲ. ನದಿ ನೀರು ಬರುವ ಮನೆಯಲ್ಲಿ ಆರ್‌ಓ, ಅಂದರೆ ನೀರನ್ನು ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ, ಇಡುವುದನ್ನು ನಾನು ಒಪ್ಪುವುದಿಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ ಹೇಳಿತ್ತು. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಒಳ್ಳೆಯ ನೀರಿನ ಮುಕ್ಕಾಲು ಪಾಲಿನವರೆಗೆ ಗಟಾರಕ್ಕೆ ಬಿಡುವ ಯಂತ್ರ ಸಲ್ಲದು.

ನವಲಗುಂದ, ನರಗುಂದ, ರೋಣದ ಎರೆ ಸೀಮೆಯ ಕತೆ ಬೇರೆ. ಅಲ್ಲಿ ಬೋರು ಕೊರೆದರೆ ಸವುಳು ನೀರು. ಆದ್ದರಿಂದ ಹಿಂದಿನಿಂದಲೂ ಜನ ಕೆರೆಯ ನೀರನ್ನೇ ಕುಡಿದರು, ನವಲಗುಂದದ ನೀಲಮ್ಮನ ಕೆರೆ ಅದಕ್ಕೆ ಸಾಕ್ಷಿ. ಈಗ ಮಲಪ್ರಭಾ ಕಾಲುವೆಯ ನೀರನ್ನು ಕೆರೆಗಳಿಗೆ ತುಂಬಿಸಿಕೊಳ್ಳುತ್ತಾರೆ. ಎರೆಮಣ್ಣಿನ ಕಣ ಬಹಳ ನುಣುಪು, ತಾನಾಗಿ ತಳ ಸೇರುವುದಿಲ್ಲ. ಪಟಿಕ ಆಡಿಸಿದರೆ ಕಣಗಳು ಒಂದಕ್ಕೊಂದು ಅಂಟಿ ಕೆಳಗಿಳಿಯುತ್ತವೆ. ಆಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ, ಸೋಸಿ, ಕುದಿಸಬೇಕು. ಈ ಕ್ರಮ ತಪ್ಪಬಾರದು: ಕದಡಿದ ನೀರಿಗೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಿದರೆ ಕ್ಲೋರಿನ್ ಮಣ್ಣು, ಪಾಚಿಯ ಮೇಲೆಯೇ ಖರ್ಚಾಗಿ ರೋಗಾಣುವಿಗೆ ಉಳಿಯುವುದಿಲ್ಲ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವುದನ್ನು, ಎಮ್ಮೆ ಮೈ ತೊಳೆಯುವುದನ್ನು ತಡೆದ ಊರು ಅರ್ಧ ಕೆಲಸ ಮುಗಿಸಿದಂತೆ.

ಮಳೆನೀರು: ನನ್ನ ಒಲವು ಇಲ್ಲಿದೆ

ಫ್ಲೋರೈಡ್ ಇರುವ, ನದಿಯ ನಳ ನಂಬಿಕೆಯಿಂದ ಬರದ ಊರಿನಲ್ಲಿ ಚಾವಣಿಯ ಮಳೆನೀರಿಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ‘ನಮ್ಮ ಕಡೆ ಮಳೆಯೇ ಇಲ್ಲ, ಇದೆಲ್ಲ ಮಲೆನಾಡಿನವರಿಗೆ’ ಎಂಬ ಮಾತು ಕೂಡಲೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗದಗ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 50 ಚದರ ಮೀಟರಿನ ಸಣ್ಣ ಮನೆಯ ಚಾವಣಿಯಲ್ಲಿ, ಐದರಲ್ಲೊಂದು ಪಾಲು ಸೋರಿ, ಆವಿಯಾಗಿ ಹೋಯಿತೆಂದು ಬಿಟ್ಟರೂ, 24,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಬರಗಾಲ ಬಂದು ಮಳೆ ಅರ್ಧಕ್ಕಿಳಿದರೂ 12,000 ಲೀಟರ್ ಬರುತ್ತದೆ.

ಕೊರತೆ ಇರುವುದು ಹಿಡಿದಿಡುವ ಜಾಗದಲ್ಲಿ. ಹಿಂಗಾರು ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಎಂಟು ತಿಂಗಳು ಸಾಗಿಸಬೇಕೆಂದರೆ 240 ದಿನಕ್ಕೆ 25 ಲೀಟರಿನಂತೆ 6,000 ಲೀಟರಿನ ತೊಟ್ಟಿ ಬೇಕು. ಸ್ವಲ್ಪ ಹೆಚ್ಚಾಗಿ 7,000 ಅಥವಾ 8,000 ಲೀಟರಿನದು ಕಟ್ಟಿಸಿದರೆ ನಿಶ್ಚಿಂತೆ. ಖರ್ಚು ಒಮ್ಮೆಗೆ ಭಾರವೇ, ಆರ್‌ಓ ಯಂತ್ರಕ್ಕಿಂತ ಹೆಚ್ಚು. ಆದರೆ ಇದಕ್ಕೆ ವಿದ್ಯುತ್ ಬೇಡ, ವರ್ಷಕ್ಕೊಮ್ಮೆ ಬದಲಿಸುವ ಬಿಡಿಭಾಗಗಳಿಲ್ಲ, ವ್ಯರ್ಥ ನೀರಿಲ್ಲ. ಚೆನ್ನಾಗಿ ಕಟ್ಟಿದ ತೊಟ್ಟಿ ಒಂದು ತಲೆಮಾರು ಬಾಳುತ್ತದೆ. ಮುಂಡರಗಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಬೈಫ್ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆ ಫ್ಲೋರೈಡ್ ನೀರಿಗೆ ಪರ್ಯಾಯವಾಗಿ ಇಂಥ ತೊಟ್ಟಿಗಳನ್ನು ಮನೆಗಳಲ್ಲಿ ಕಟ್ಟಿಸಿದೆ. ಹೊಸದಾಗಿ ಮನೆ ಕಟ್ಟುವವರು ಸಂಪಿನ ಪಕ್ಕದಲ್ಲೇ ಇನ್ನೊಂದು ಕುಳಿ ತೋಡಿಸಿದರೆ ಖರ್ಚೂ ಇಳಿಯುತ್ತದೆ.

ಎಲ್ಲ ಚಾವಣಿಯೂ ಆಗುವುದಿಲ್ಲ. ಆರ್‌ಸಿಸಿ ಮತ್ತು ಹಂಚು ಉತ್ತಮ, ತಗಡು ನಡೆಯುತ್ತದೆ. ಮಣ್ಣಿನ ಮಾಳಿಗೆಯ ಮನೆಯಿಂದ ಕುಡಿಯುವ ನೀರು ಹಿಡಿಯುವುದು ಕಷ್ಟ, ಮಣ್ಣೂ ಅದರ ಲವಣವೂ ಕೂಡಿ ಬರುತ್ತವೆ. ಅಂಥ ಮನೆಯವರು ಅಂಗಳದಲ್ಲಿ ಸಣ್ಣ ತಗಡಿನ ಚಪ್ಪರ ಹಾಕಿಸಿ ಅದರಿಂದ ಹಿಡಿಯಬಹುದು. ಮೆಣಸಿನಕಾಯಿ, ಹತ್ತಿ ಹೊಲಗಳ ನಡುವಿನ ಮನೆಯಾದರೆ ಔಷಧಿ ಹೊಡೆಯುವ ದಿನಗಳಲ್ಲಿ ಕೊಳವೆಯ ಬಾಯಿಯನ್ನು ತೊಟ್ಟಿಯಿಂದ ಬೇರ್ಪಡಿಸಿ. ಮೇ ತಿಂಗಳ ಮೊದಲ ಗುಡುಗು ಮಳೆಗಳು ಧೂಳು, ಹಕ್ಕಿಯ ಹಿಕ್ಕೆ, ರಾಶಿಯ ಹೊಟ್ಟನ್ನೆಲ್ಲ ತೊಳೆದು ತರುತ್ತವೆ. ಅವನ್ನು ಹೊರಗೆ ಬಿಡಬೇಕು. ಆಮೇಲೆಯೂ ಪ್ರತಿ ಮಳೆಯ ಮೊದಲ ಕೆಲವು ನಿಮಿಷಗಳ ನೀರು ತೊಟ್ಟಿಗೆ ಹೋಗದಂತೆ ಕೊಳವೆಗೆ ಒಂದು ಕವಲು ಇಡಿ.

ತೊಟ್ಟಿಯೊಳಗೆ ಬೆಳಕು ಹೋಗಬಾರದು, ಸೊಳ್ಳೆಯೂ ಹೋಗಬಾರದು. ಬೆಳಕಿಲ್ಲದಿದ್ದರೆ ಪಾಚಿ ಬೆಳೆಯುವುದಿಲ್ಲ, ನೀರು ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ, ಒಂದು ತಾಸು ಬಿಟ್ಟು ಬಳಸಬಹುದು. ಹಗ್ಗ, ಕೊಡ ಇಳಿಬಿಡುವ ಬದಲು ನಳ ಅಥವಾ ಕೈಪಂಪಿನಿಂದ ತೆಗೆಯಿರಿ, ಏಕೆಂದರೆ ಒಳ್ಳೆಯ ನೀರು ಕೆಡುವುದು ಬಹಳ ಸಲ ಕೈಯಿಂದಲೇ.

ಮಳೆನೀರು ಸಪ್ಪೆ ಎಂದು ಕೆಲವರು ದೂರುತ್ತಾರೆ. ಅದರಲ್ಲಿ ಲವಣವಿಲ್ಲ, ಆದ್ದರಿಂದ ಹಾಗೆ. ಕ್ಯಾಲ್ಸಿಯಂ ಹಾಲು, ಮಜ್ಜಿಗೆ, ರಾಗಿ, ಎಳ್ಳು, ಸೊಪ್ಪಿನಿಂದ ಬರಲಿ. ತೊಟ್ಟಿ ಸಣ್ಣದಾಗಿ ನೀರು ಸಾಲದಿದ್ದರೆ ಬೆರಸುವ ದಾರಿಯೂ ಇದೆ. ನಿಮ್ಮ ಬೋರಿನ ಫ್ಲೋರೈಡ್ 2.4 ಎಂದಿಟ್ಟುಕೊಳ್ಳಿ. ಒಂದು ಕೊಡ ಬೋರಿನ ನೀರಿಗೆ ಎರಡು ಕೊಡ ಮಳೆನೀರು ಸೇರಿಸಿದರೆ 0.8ಕ್ಕೆ ಇಳಿಯುತ್ತದೆ, ರುಚಿಯೂ ಬರುತ್ತದೆ. ಪರೀಕ್ಷೆಯ ಅಂಕಿ ಕೈಯಲ್ಲಿದ್ದವರು ಮಾತ್ರ ಈ ಲೆಕ್ಕಕ್ಕೆ ಕೈ ಹಾಕಬೇಕು.

ಊರಿನ ಘಟಕ, ಮನೆಯ ಆರ್‌ಓ

ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ವರ್ಷಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ಹಳ್ಳಿಹಳ್ಳಿಗೂ ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಈ ಘಟಕಗಳಲ್ಲಿರುವುದೂ ಆರ್‌ಓ. ಒತ್ತಡ ಕೊಟ್ಟು ನೀರನ್ನು ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ಹಾಯಿಸುತ್ತಾರೆ, ಲವಣ, ಗಡಸು, ಫ್ಲೋರೈಡ್ ಬಹುಪಾಲು ಈಚೆ ಉಳಿಯುತ್ತವೆ. ಪೊರೆ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡಿನ ಹತ್ತರಲ್ಲಿ ಒಂಬತ್ತು ಪಾಲು ಹೋಗುತ್ತದೆ. ಬೋರೊಂದೇ ಗತಿಯಾದ ಊರಿನಲ್ಲಿ, ತೊಟ್ಟಿ ಕಟ್ಟಿಸುವ ಶಕ್ತಿ ಇಲ್ಲದ ಮನೆಗೆ, ಇದು ಸರಿಯಾದ ಆಯ್ಕೆ. ಒಂದು ಪೊರೆಯನ್ನು ಒಬ್ಬ ತಿಳಿದವನು ನೋಡಿಕೊಳ್ಳುವುದು ನೂರು ಮನೆಗಳ ನೂರು ಯಂತ್ರಗಳನ್ನು ಯಾರೂ ನೋಡಿಕೊಳ್ಳದಿರುವುದಕ್ಕಿಂತ ಮೇಲು.

ಆದರೆ ಘಟಕದ ನೀರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪೊರೆ ಹಳತಾದರೆ ಫ್ಲೋರೈಡ್ ದಾಟಿ ಬರುತ್ತದೆ, ನೀರಿನ ರುಚಿಯಲ್ಲಿ ಏನೂ ತಿಳಿಯುವುದಿಲ್ಲ. ಇಲ್ಲಿ ಟಿಡಿಎಸ್ ಮೀಟರ್ ನಿಜವಾಗಿ ಕೆಲಸಕ್ಕೆ ಬರುತ್ತದೆ: ಒಳಗೆ ಹೋಗುವ ನೀರನ್ನೂ ಹೊರಬರುವ ನೀರನ್ನೂ ಅಳೆಯಿರಿ. 1000 ಇದ್ದದ್ದು 100ರ ಸುತ್ತ ಇಳಿದಿದ್ದರೆ ಪೊರೆ ಗಟ್ಟಿ. 400, 500 ತೋರಿಸಿದರೆ ಪಂಚಾಯಿತಿಯವರನ್ನು ಕೇಳುವ ಹೊತ್ತು ಬಂದಿದೆ. ಕ್ಯಾನಿನ ಒಳಗೆ ಕೈಯಾಡುವಂತಿದ್ದರೆ ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಆರ್‌ಓ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಹೊಲಸು ಕ್ಯಾನಿನಲ್ಲಿ ಅದು ಬೇಗ ಕೆಡುತ್ತದೆ.

ಮನೆಯ ಆರ್‌ಓ ಕೊಳ್ಳುವವರು ಗಮನಿಸಬೇಕಾದದ್ದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪನ್ನು. ನೀರು ಸಪ್ಪೆಯಾಯಿತು ಎಂದು ದೂರಿದರೆ ಯಂತ್ರ ಕೂರಿಸುವವರು ಅದನ್ನು ತಿರುಗಿಸಿ ರುಚಿ ಬರಿಸುತ್ತಾರೆ. ಅದು ಮಾಡುವುದು ಇಷ್ಟೇ: ಪೊರೆ ದಾಟದ ಮೂಲ ನೀರನ್ನು ಶುದ್ಧ ನೀರಿಗೆ ಬೆರಸುವುದು. ಬೋರಿನಲ್ಲಿ ಫ್ಲೋರೈಡ್ 3 ಇದ್ದು, ಪೊರೆ ಅದನ್ನು 0.3ಕ್ಕೆ ಇಳಿಸಿದೆ ಎನ್ನಿ. ಹತ್ತರಲ್ಲಿ ಮೂರು ಪಾಲು ಮೂಲ ನೀರು ಬೆರೆತರೆ ಲೋಟಕ್ಕೆ ಬರುವುದು 1.1. ಹಣ ಕೊಟ್ಟು ತೆಗೆಸಿದ್ದನ್ನು ಮತ್ತೆ ತುಂಬಿಸಿಕೊಂಡ ಹಾಗೆ. ಫ್ಲೋರೈಡಿನ ಊರಿನಲ್ಲಿ ಈ ತಿರುಪು ಪೂರ್ತಿ ಮುಚ್ಚಿರಲಿ.

ಒಂದು ಲೀಟರ್ ಶುದ್ಧ ನೀರಿಗೆ ಮನೆಯ ಯಂತ್ರ ಎರಡರಿಂದ ಮೂರು ಲೀಟರ್ ಹೊರಗೆ ಬಿಡುತ್ತದೆ. 25 ಲೀಟರಿಗೆ 50ರಿಂದ 75 ಲೀಟರ್. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡುವ ಗುರಿ ಇಟ್ಟುಕೊಂಡಿದೆ, ಐದು ಜನರಿಗೆ 275. ಅದರ ಕಾಲು ಪಾಲು ಹೀಗೆ ಹೋಗಬಹುದು. ಆ ನೀರಿನಲ್ಲಿ ದೋಷವೆಲ್ಲ ದಟ್ಟವಾಗಿರುತ್ತದೆ, 3 ಇದ್ದ ಫ್ಲೋರೈಡ್ ನಾಲ್ಕರ ಆಸುಪಾಸಿಗೆ ಏರುತ್ತದೆ. ಅದನ್ನು ಶೌಚಕ್ಕೆ, ನೆಲ ಒರೆಸಲು ಬಳಸಿ. ದನಕ್ಕೆ ಕುಡಿಸಬೇಡಿ, ಅವುಗಳ ಹಲ್ಲು, ಮೂಳೆಗೂ ಫ್ಲೋರೈಡ್ ತಗಲುತ್ತದೆ. ಊರ ಘಟಕದ ವ್ಯರ್ಥ ನೀರನ್ನು ಅದೇ ಬೋರಿನ ಪಕ್ಕದ ಗುಂಡಿಗೆ ಬಿಡುವುದನ್ನು ಕಂಡರೆ ಪಂಚಾಯಿತಿ ಸಭೆಯಲ್ಲಿ ಎದ್ದು ಕೇಳಲೇಬೇಕು.

ಉಳಿದ ದಾರಿಗಳು

ಸಕ್ರಿಯ ಅಲ್ಯುಮಿನಾ ತುಂಬಿದ ಫಿಲ್ಟರ್ ಫ್ಲೋರೈಡನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ವಿದ್ಯುತ್ ಬೇಡ, ವ್ಯರ್ಥ ನೀರಿಲ್ಲ, ಕಾಗದದ ಮೇಲೆ ಬಹಳ ಚೆಂದ. ನೀರು ಸ್ವಲ್ಪ ಆಮ್ಲೀಯವಾಗಿದ್ದರೆ ಅದು ಚೆನ್ನಾಗಿ ದುಡಿಯುತ್ತದೆ. ಬೈಕಾರ್ಬೊನೇಟ್ ತುಂಬಿದ ನಮ್ಮ ಕ್ಷಾರೀಯ ಬೋರಿನ ನೀರಿನಲ್ಲಿ ಬೇಗ ದಣಿಯುತ್ತದೆ. ದಣಿದ ಮೇಲೆ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಮತ್ತೆ ಸಜ್ಜು ಮಾಡಬೇಕು, ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ಆ ಸೇವೆ ತಪ್ಪದೆ ಸಿಗುವ ಏರ್ಪಾಡಿದ್ದರೆ ಮಾತ್ರ ತೆಗೆದುಕೊಳ್ಳಿ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ ಫ್ಲೋರೈಡನ್ನು ಗಸಿಯ ಜೊತೆ ಇಳಿಸುತ್ತಾರೆ. ಅಗ್ಗವೇನೋ ಹೌದು, ಆದರೆ ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ. ದಿನವೂ ಅಳೆದು ತೂಗಿ ಮಾಡುವ ವ್ಯವಧಾನ ಮನೆಗಳಲ್ಲಿ ಇರುವುದಿಲ್ಲ.

ಗಡಸು ಇಳಿಸುವ ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಗೀಸರಿಗೆ ಹಿತ, ಕುಡಿಯಲು ಪ್ರಯೋಜನವಿಲ್ಲ, ಫ್ಲೋರೈಡ್ ಹಾಗೆಯೇ ಇರುತ್ತದೆ. ಕುದಿಸುವುದರಿಂದ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ದಟ್ಟವಾಗುತ್ತವೆ. ಮಾರುವ 20 ಲೀಟರಿನ ಕ್ಯಾನು ಮದುವೆ, ಮುಂಜಿಗೆ ಸರಿ, ದಿನಬಳಕೆಗೆ ನಾನು ಹೇಳುವುದಿಲ್ಲ. ಕೊಳ್ಳುವುದೇ ಆದರೆ ಬಾಯಿಗೆ ಸೀಲು, ಮೈಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ ಇರುವುದನ್ನು ನೋಡಿ.

ನಿಮ್ಮ ಮನೆಗೆ ಯಾವುದು

ಅವಳಿ ನಗರದಲ್ಲಿ, ಗದಗ-ಬೆಟಗೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ನದಿಯ ನಳವಿದ್ದರೆ ಸೋಸಿ ಕುದಿಸಿ ಅಥವಾ ಅಲ್ಟ್ರಾವಯಲೆಟ್ ಯಂತ್ರ ಇಡಿ. ಅಪಾರ್ಟ್‌ಮೆಂಟ್‌ನವರಾದರೆ ಇನ್ನೊಂದು ಕೆಲಸ ಮಾಡಿ: ನಳದ ನೀರೂ ಬೋರಿನ ನೀರೂ ಒಂದೇ ಟ್ಯಾಂಕಿಗೆ ಬೀಳುತ್ತಿದೆಯೇ ನೋಡಿ. ಬೀಳುತ್ತಿದ್ದರೆ ಅಡುಗೆಮನೆಗೆ ನದಿ ನೀರಿನ ಬೇರೆ ಪೈಪು ಎಳೆಸುವುದು ಹತ್ತು ಮನೆಗಳ ಆರ್‌ಓ ಖರ್ಚಿಗಿಂತ ಅಗ್ಗ. ಎರೆ ಸೀಮೆಯ ಹಳ್ಳಿಯಾದರೆ ಕೆರೆಯ ನೀರಿಗೆ ಪಟಿಕ, ಸೋಸುವಿಕೆ, ಕುದಿ. ಜೊತೆಗೆ ಮಳೆನೀರಿನ ತೊಟ್ಟಿಯಿದ್ದರೆ ಕಾಲುವೆ ಬತ್ತಿದ ತಿಂಗಳುಗಳಿಗೆ ಆಸರೆ. ಹಾನಗಲ್ಲ, ಕಲಘಟಗಿಯ ಕಡೆ ಮಳೆ ಹೆಚ್ಚು, ತೊಟ್ಟಿ ಸಣ್ಣದಿದ್ದರೂ ನಡೆಯುತ್ತದೆ. ವರದಾ ತೀರದವರು ಬೇಸಿಗೆಯಲ್ಲಿ ಹೊಳೆ ಬತ್ತಿ ಮತ್ತೆ ಬೋರಿಗೆ ಹೋಗಬೇಕಾಗುತ್ತದೆ, ಆ ಬೋರಿನ ಪರೀಕ್ಷೆಯನ್ನು ಚಳಿಗಾಲದಲ್ಲೇ ಮುಗಿಸಿಡಿ.

ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕುಗಳ ಮಸಾರಿ (ಕೆಂಪು ಮಣ್ಣಿನ) ಹಳ್ಳಿಗಳಲ್ಲಿ ಮೊದಲು ಫ್ಲೋರೈಡ್ ಪರೀಕ್ಷೆ. 1ರ ಒಳಗಿದ್ದರೆ ರೋಗಾಣುವಿನ ಎಚ್ಚರ ಸಾಕು. 1.5 ದಾಟಿದ್ದರೆ ಬಹುಗ್ರಾಮ ಯೋಜನೆಯ ನದಿ ನೀರು ಬಂದ ದಿನ ಅದನ್ನು ಕುಡಿಯಲು, ಅಡುಗೆಗೆ ಮಾತ್ರ ಬೇರೆ ತೆಗೆದಿಡಿ, ಬಾರದ ದಿನಕ್ಕೆ ಮಳೆನೀರು, ಅದೂ ಇಲ್ಲವಾದರೆ ಊರಿನ ಘಟಕ, ಕೊನೆಗೆ ಮನೆಯ ಆರ್‌ಓ. ನನ್ನ ಆದ್ಯತೆಯ ಕ್ರಮ ಇದು.

ಒಳ್ಳೆಯ ನೀರು ಎಲ್ಲರಿಗೂ ಸಾಲದ ಮನೆಗಳಿವೆ. ಅಲ್ಲಿ ಹಂಚುವಾಗ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ ಹೋಗಬೇಕು. ಶಾಶ್ವತ ಹಲ್ಲುಗಳ ಹೊರಪದರ ಒಸಡಿನೊಳಗೆ ರೂಪುಗೊಳ್ಳುವುದು ಆ ವಯಸ್ಸಿನಲ್ಲಿ, ಆಗ ಬಿದ್ದ ಕಂದು ಕಲೆ ಜೀವನಪೂರ್ತಿ ಹೋಗುವುದಿಲ್ಲ. ತಾಯಿಯ ಹಾಲಿನಲ್ಲಿ ಫ್ಲೋರೈಡ್ ಬಹಳ ಕಡಿಮೆ, ಆದ್ದರಿಂದ ಎಳೆಗೂಸಿಗೆ ಬೋರಿನ ನೀರಿನಲ್ಲಿ ಕಲಸಿದ ಪುಡಿ ಹಾಲು ಕೊಡಬಾರದು. ನಂತರದ ಪಾಲು ಬಸುರಿಯರಿಗೆ, ಬಾಣಂತಿಯರಿಗೆ, ಆಮೇಲೆ ಬಿಸಿಲಿನಲ್ಲಿ ದುಡಿದು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವವರಿಗೆ. ಕೀಲು, ಬೆನ್ನು ಬಿಗಿಯುವ ಮೂಳೆಯ ಫ್ಲೋರೋಸಿಸ್ ಅವರನ್ನೇ ಹೆಚ್ಚು ಹಿಡಿಯುತ್ತದೆ. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟ ಯಾವ ನೀರಿನಲ್ಲಿ ಬೇಯುತ್ತದೆ ಎಂಬುದನ್ನು ಈ ವಾರವೇ ವಿಚಾರಿಸಿ. ಶಾಲೆಯ ಆರ್‌ಸಿಸಿ ಚಾವಣಿ ಊರಿನಲ್ಲೇ ದೊಡ್ಡದು, ತೊಟ್ಟಿ ಕಟ್ಟಿಸಲು ಪಂಚಾಯಿತಿಗೆ ಅರ್ಜಿ ಕೊಡುವುದಾದರೆ ಮುಂಗಾರಿಗೆ ಮೊದಲು ಕೊಡಿ.